ಮಾಣಿಕ್ಯ ತೊಳೆಯುವ ಮೊದಲು ಬೆನ್ನು ನೋಡಿ

ಅಷ್ಟಮಿ, ಚೌತಿ ಹತ್ತಿರ ಬಂತೆಂದರೆ ಉಡುಪಿ ಕಡೆಯ ಮನೆಗಳಲ್ಲಿ ಒಡವೆ ತೊಳೆಯುವ ಗೌಜಿ. ಚಿನ್ನದ ಸರಕ್ಕೆ ಅಂಟುವಾಳ, ಹುಣಸೆಹುಳಿ ಹಾಕಿದ ಅದೇ ಬಟ್ಟಲಿಗೆ ಕೆಂಪು ಹರಳಿನ ಒಡವೆಯೂ ಬೀಳುತ್ತದೆ. ನಮ್ಮಲ್ಲಿ ಅಜ್ಜಿಯ ಬೆಂಡೋಲೆ ಹಾಗೆ ರಾತ್ರಿಯಿಡೀ ನೆನೆಯಿತು. ಬೆಳಿಗ್ಗೆ ನೋಡಿದರೆ ಪುನರ್ಪುಳಿ ಶರಬತ್ತಿನಂಥ ಬಣ್ಣ ಹೋಗಿ, ಚಹಾ ಗಸಿಯ ಬಣ್ಣ.

ಹರಳು ಕೆಟ್ಟಿತೇ? ಇಲ್ಲ. ಮಾಣಿಕ್ಯ ಅಷ್ಟು ಬೇಗ ಕೆಡುವ ಜಾತಿಯಲ್ಲ. ಅದು ಕುರುಂದದ ಕಲ್ಲು, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಚೂರು ಕ್ರೋಮಿಯಂ ಸೇರಿ ಕೆಂಪಾಗಿದೆ. ಗಡಸುತನದ ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ಇದಕ್ಕೆ 9. ಕೆಟ್ಟದ್ದು ಹೊಳಪು ಬರಲೆಂದು ಹರಳಿನ ಹಿಂದೆ ಇಟ್ಟ ತಗಡು.

ಹಾಗಾಗಿ ನೀರು ಮುಟ್ಟಿಸುವ ಮೊದಲು ಒಡವೆಯನ್ನು ಮಗುಚಿ ನೋಡಿ. ಹಿಂದೆ ತೂತಿದ್ದು ಹರಳಿನ ಬೆನ್ನು ಕಾಣುತ್ತದೆಯಾ? ಒಳ್ಳೆಯದು. ಮುಚ್ಚಿದೆಯಾ? ಹಳೆಯ ಒಡವೆಯಾದರೆ ಒಳಗೆ ಅರಗು, ಹೊಳಪಿನ ತಗಡು ಇರುವುದು ಜಾಸ್ತಿ. ಅದನ್ನು ಮುಳುಗಿಸಲೇಬೇಡಿ. ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಮೇಲಿಂದ ಒರೆಸಿ, ಮುಗಿಯಿತು.

ಬೆನ್ನು ತೆರೆದಿದ್ದರೆ ಇನ್ನೊಂದು ನೋಡಬೇಕು. ಬಿರುಕಿಗೆ ಸೀಸದ ಗಾಜು ತುಂಬಿದ ಮಾಣಿಕ್ಯ ಈಗ ಪೇಟೆಯಲ್ಲಿ ಧಾರಾಳ ಇದೆ. ಬಿಸಿ ಮಾಡಿ ಬಣ್ಣ ತಿದ್ದಿದ ಹರಳಿಗೆ ನನ್ನ ತಕರಾರಿಲ್ಲ, ಅದು ಗಟ್ಟಿ. ಗಾಜು ತುಂಬಿದ್ದು ಮಾತ್ರ ಲಿಂಬೆರಸಕ್ಕೂ ಹೆದರುತ್ತದೆ. ಹುಳಿ ಗಾಜನ್ನು ತಿನ್ನುತ್ತದೆ, ಮುಚ್ಚಿದ್ದ ಬಿರುಕು ಬಿಳಿ ಗೆರೆಯಾಗಿ ಮೇಲೆ ಬರುತ್ತದೆ. 10 ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು, ಟಾರ್ಚ್ ಬೆಳಕಲ್ಲಿ ಹರಳನ್ನು ಮೆಲ್ಲಗೆ ವಾಲಿಸಿ. ಒಳಗೆ ನೀಲಿ ಮಿಂಚು ಹಾದರೆ, ಗಾಳಿಗುಳ್ಳೆ ಚಪ್ಪಟೆಯಾಗಿ ಕೂತಿದ್ದರೆ ಅನುಮಾನ ಪಡಿ. ಅನುಮಾನ ಬಂದದ್ದನ್ನು ಅಂಗಡಿಯಲ್ಲಿ ನೀರನ್ನು ಕಂಪಿಸಿ ಒಡವೆ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರಕ್ಕೂ ಕೊಡಬೇಡಿ.

ಹಾಲಿಗೆ ಹಾಕಿ ಪರೀಕ್ಷೆ ಮಾಡುತ್ತೇವೆ ಎನ್ನುವವರಿದ್ದಾರೆ. ಹಾಲು ಕೆಂಪಗೆ ಕಂಡರೆ ಅಸಲಿಯಂತೆ! ಕೆಂಪು ಗಾಜು ಹಾಕಿದರೂ ಹಾಗೇ ಕಾಣುತ್ತದೆ ಮಾರಾಯ್ರೇ. ಸುಮ್ನೆ ಹಾಲು ದಂಡ. ಸೂರ್ಯನ ರತ್ನ, ಆದಿತ್ಯವಾರ ಉಂಗುರ ಬೆರಳಿಗೆ ಹಾಕಬೇಕು ಎಂಬ ನಂಬಿಕೆ ಬೇರೆ ವಿಷಯ, ಅದಕ್ಕೆ ನಾನು ಅಡ್ಡ ಬರುವುದಿಲ್ಲ.

ಬೆನ್ನು ತೆರೆದ ಒಡವೆ ತೊಳೆಯುವುದು ಎರಡು ನಿಮಿಷದ ಕೆಲಸ: ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ, ಮಕ್ಕಳ ಮೆತ್ತನೆ ಬ್ರಷ್. ಹರಳಿನ ಹಿಂಬದಿ ಉಜ್ಜಿ, ಎಣ್ಣೆ ಜಿಡ್ಡು ಕೂರುವುದು ಅಲ್ಲೇ. ಸಿಂಕಿನ ಮೇಲೆ ಬೇಡ, ಬಟ್ಟಲಲ್ಲೇ ತೊಳೆಯಿರಿ. ಟೂತ್‌ಪೇಸ್ಟ್ ಬೇಡವೇ ಬೇಡ, ಹರಳಿಗೆ ಏನೂ ಆಗದಿದ್ದರೂ ಚಿನ್ನ ಗೀರಾಗುತ್ತದೆ.

ಒಣಗಿದ ಮೇಲೆ ಬೇರೆಯೇ ಚೀಲದಲ್ಲಿಡಿ. ಮುತ್ತು, ಹವಳದ ಜೊತೆ ಇಟ್ಟರೆ ಮಾಣಿಕ್ಯ ಅವನ್ನು ಗೀರಿಬಿಡುತ್ತದೆ. ಅದಕ್ಕೂ ಮೊದಲು ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿಂದ ತಟ್ಟಿ. ಟಿಕ್ ಟಿಕ್ ಸದ್ದು ಬಂದರೆ ಹಿಡಿತ ಸಡಿಲ. ಆಚಾರಿಯ ಹತ್ತಿರ ಒಯ್ಯಿರಿ. ಬೆಸುಗೆ ಹಾಕುವುದಿದ್ದರೆ ಹರಳು ಬಿಚ್ಚಿಟ್ಟೇ ಹಾಕಲು ಹೇಳಿ, ಗಾಜು ತುಂಬಿದ ಹರಳು ಆ ಬೆಂಕಿ ತಡೆಯುವುದಿಲ್ಲ.