ಐಇಎಲ್‌ಟಿಎಸ್ ರೀಡಿಂಗ್: ಪುಟದಲ್ಲಿ ಇರುವುದಕ್ಕಷ್ಟೇ ಅಂಕ

ವಿದೇಶಕ್ಕೆ ಓದಲು, ದುಡಿಯಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್. ಇಂಗ್ಲಿಷ್ ಚೆನ್ನಾಗಿ ಬರುವವರೇ ಐಇಎಲ್‌ಟಿಎಸ್ ರೀಡಿಂಗ್‌ನಲ್ಲಿ ಎಡವುವುದನ್ನು ನೋಡಿ ನೋಡಿ ಸಾಕಾಗಿದೆ. ಸ್ಪೀಕಿಂಗ್‌ನಲ್ಲಿ 7.5, ರೀಡಿಂಗ್‌ನಲ್ಲಿ 6 ಬ್ಯಾಂಡ್ (9ರವರೆಗಿನ ಅಂಕ) ತಂದುಕೊಂಡು ಪೆಚ್ಚುಮೋರೆ ಹಾಕಿಕೊಂಡು ಕೂರುತ್ತಾರೆ. ಬ್ರಿಟನ್ನಿಗೆ ನರ್ಸ್ ಆಗಿ ಹೋಗುವವರಿಗಂತೂ ಇದು ದೊಡ್ಡ ಹೊಡೆತ. ಅಲ್ಲಿನ ನರ್ಸಿಂಗ್ ಕೌನ್ಸಿಲ್ ರೈಟಿಂಗ್‌ನಲ್ಲಿ 6.5 ಬಂದರೂ ಒಪ್ಪುತ್ತದೆ, ಆದರೆ ರೀಡಿಂಗ್‌ನಲ್ಲಿ 7 ಬೇಕೇ ಬೇಕು. ಇವರಿಗೆ ಇಂಗ್ಲಿಷ್ ಸಾಲದು ಅಂತಲ್ಲ. ಪುಟದಲ್ಲಿ ಏನಿದೆಯೋ ಅದನ್ನು ಬಿಟ್ಟು ತಮಗೆ ಗೊತ್ತಿರುವುದನ್ನು ಉತ್ತರವಾಗಿ ಕೊಡುತ್ತಾರೆ.

ಮೊದಲು ಯಾವ ಪರೀಕ್ಷೆ ಅಂತ ಖಚಿತ ಮಾಡಿಕೊಳ್ಳಿ

ಅಕಾಡೆಮಿಕ್, ಜನರಲ್ ಟ್ರೈನಿಂಗ್ ಎಂದು ಎರಡು ಬಗೆ. ವಿಶ್ವವಿದ್ಯಾಲಯಕ್ಕೆ ಸೇರುವವರಿಗೆ, ನರ್ಸ್‌ಗಳಿಗೆ ಅಕಾಡೆಮಿಕ್. ಕೆನಡಾ ಪಿಆರ್ (ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ) ಅರ್ಜಿಗೆ ಜನರಲ್. ಪಾಸ್‌ಪೋರ್ಟ್ ಕೈಯಲ್ಲಿ ಇಟ್ಟುಕೊಂಡೇ ಬುಕ್ ಮಾಡಿ. ಮುಂದಿನದೆಲ್ಲ ಅಕಾಡೆಮಿಕ್ ಬಗ್ಗೆ.

ಒಂದು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ

ತಯಾರಿ ಶುರು ಮಾಡುವ ಮುಂಚೆಯೇ ಇದನ್ನು ಮಾಡಿ. ಮೂರು ಪ್ಯಾಸೇಜ್, 40 ಪ್ರಶ್ನೆ, 60 ನಿಮಿಷ. ಮೂರೂ ಸೇರಿ 2150ರಿಂದ 2750 ಪದಗಳಷ್ಟು ಓದಬೇಕು. ಗಡಿಯಾರ ಇಟ್ಟುಕೊಂಡು, ಮೊಬೈಲ್ ಬೇರೆ ಕೋಣೆಯಲ್ಲಿಟ್ಟು, ಮಧ್ಯೆ ಏಳದೆ ಬಿಡಿಸಿ. ಅಂದಾಜು ಲೆಕ್ಕ ಹೀಗೆ: 23 ಸರಿಯಾದರೆ ಬ್ಯಾಂಡ್ 6, 30 ಸರಿಯಾದರೆ 7, 35 ಸರಿಯಾದರೆ 8. ಅಂದರೆ 7 ಬರಬೇಕೆಂದರೂ ಹತ್ತು ತಪ್ಪಿಗೆ ಜಾಗ ಇದೆ. ಇದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಎಷ್ಟು ಬಂತು ಎಂದು ನೋಡಿ ಪುಸ್ತಕ ಮುಚ್ಚಬೇಡಿ. ಯಾವ ಬಗೆಯ ಪ್ರಶ್ನೆಯಲ್ಲಿ ತಪ್ಪಿದ್ದೀರಿ ಎಂದು ಬರೆದಿಡಿ. ಹೆಚ್ಚಿನವರಿಗೆ ತಪ್ಪುಗಳು ಒಂದೆರಡು ಬಗೆಯಲ್ಲೇ ಗುಡ್ಡೆ ಬಿದ್ದಿರುತ್ತವೆ.

ಪತ್ರಿಕೆ ಎಲ್ಲಿಂದ ತರುವುದು? ಕೇಂಬ್ರಿಡ್ಜ್ ಪ್ರಕಟಿಸುವ ಅಭ್ಯಾಸ ಪುಸ್ತಕಗಳೇ ಸಾಕು. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಆದರೆ ಉತ್ತರಗಳನ್ನು ಪೆನ್ಸಿಲ್‌ನಲ್ಲಿ ಗೀಚಿರದ ಪ್ರತಿ ನೋಡಿ ತನ್ನಿ. ಪುಕ್ಕಟೆ ಆ್ಯಪ್‌ಗಳಲ್ಲಿ ಯಾರೋ ಮನೆಯಲ್ಲಿ ಕೂತು ಹೆಣೆದ ಪ್ರಶ್ನೆಗಳಿರುತ್ತವೆ. ಕೆಲವದರ ಉತ್ತರವೇ ತಪ್ಪು. ಅವನ್ನು ನಂಬಿ ಅಭ್ಯಾಸ ಮಾಡಿದರೆ ಸರಿಯಾಗಿ ಯೋಚಿಸುವುದೂ ಮರೆತುಹೋಗುತ್ತದೆ. ಟೆಲಿಗ್ರಾಂನಲ್ಲಿ 'ಈ ತಿಂಗಳ ಲೀಕ್ ಆದ ಪೇಪರ್' ಎಂದು ಮಾರುತ್ತಾರಲ್ಲ, ಅದಕ್ಕೆ ಕೊಡುವ ದುಡ್ಡಲ್ಲಿ ಮಸಾಲೆ ದೋಸೆ ತಿನ್ನಿ. ಪರೀಕ್ಷೆಯೇ ಇಲ್ಲದೆ ಬ್ಯಾಂಡ್ ಕೊಡಿಸುತ್ತೇನೆ ಎನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಪ್ಯಾಸೇಜ್ ಪೂರ್ತಿ ಓದಬೇಕೇ?

ಬೇಡ. ಶೀರ್ಷಿಕೆ ನೋಡಿ, ಪ್ರತಿ ಪ್ಯಾರಾದ ಮೊದಲ ವಾಕ್ಯ ಓದಿ. ಎರಡು ನಿಮಿಷದ ಕೆಲಸ. ಯಾವ ವಿಷಯ ಎಲ್ಲಿದೆ ಎಂದು ಗೊತ್ತಾದರೆ ಸಾಕು, ಪ್ರಶ್ನೆಗೆ ಹೋಗಿ. ಸಮಯವನ್ನು ಇಪ್ಪತ್ತು ಇಪ್ಪತ್ತು ನಿಮಿಷ ಅಂತ ಸಮನಾಗಿ ಹಂಚಬೇಡಿ. ಕೊನೆಯ ಪ್ಯಾಸೇಜ್ ಸಾಮಾನ್ಯವಾಗಿ ಗಟ್ಟಿ. ಹಾಗಾಗಿ 15, 20, 25 ಎಂದು ಇಟ್ಟುಕೊಳ್ಳಿ.

ಟ್ರೂ, ಫಾಲ್ಸ್, ನಾಟ್ ಗಿವನ್: ಇಲ್ಲೇ ಎಲ್ಲರೂ ಬೀಳುವುದು

ಒಂದು ಹೇಳಿಕೆ ಕೊಡುತ್ತಾರೆ. ಪ್ಯಾಸೇಜ್ ಅದನ್ನು ಒಪ್ಪಿದರೆ ಟ್ರೂ, ಅಲ್ಲಗಳೆದರೆ ಫಾಲ್ಸ್, ಆ ಬಗ್ಗೆ ಏನೂ ಹೇಳದಿದ್ದರೆ ನಾಟ್ ಗಿವನ್. ಕೇಳಲು ಸುಲಭ ಅನ್ನಿಸುತ್ತದೆ, ಅಲ್ವಾ? ಒಂದು ಉದಾಹರಣೆ ನೋಡೋಣ. ಪ್ಯಾಸೇಜ್‌ನಲ್ಲಿ ಹೀಗಿದೆ ಅಂದುಕೊಳ್ಳಿ:

"ಆಹಾರ ಹುಡುಕಿ ಗೂಡಿಗೆ ಮರಳಿದ ಜೇನುನೊಣ ಒಂದು ಬಗೆಯ ಕುಣಿತ ಮಾಡುತ್ತದೆ. ಆಹಾರ ಯಾವ ದಿಕ್ಕಿನಲ್ಲಿದೆ, ಎಷ್ಟು ದೂರದಲ್ಲಿದೆ ಎಂದು ಉಳಿದ ನೊಣಗಳಿಗೆ ಇದರಿಂದ ತಿಳಿಯುತ್ತದೆ. ಈ ಕುಣಿತದ ಅರ್ಥ ಬಿಡಿಸಿದವರು ಕಾರ್ಲ್ ಫಾನ್ ಫ್ರಿಶ್. 1973ರಲ್ಲಿ ಅವರು ಇನ್ನಿಬ್ಬರ ಜೊತೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು."

ಮೊದಲ ಹೇಳಿಕೆ: ಕುಣಿತದಿಂದ ಆಹಾರದ ದಿಕ್ಕು ಮಾತ್ರ ತಿಳಿಯುತ್ತದೆ. ಇದು ಫಾಲ್ಸ್. ದೂರವೂ ತಿಳಿಯುತ್ತದೆ ಎಂದು ಪುಟದಲ್ಲೇ ಇದೆ. 'ಮಾತ್ರ' ಎಂಬ ಪದ ನೋಡದೆ ಓದಿದವರು ಟ್ರೂ ಹಾಕುತ್ತಾರೆ. ಇಂಗ್ಲಿಷ್‌ನಲ್ಲಿ ಓನ್ಲಿ, ಆಲ್, ಮೋಸ್ಟ್, ಸಮ್, ನೆವರ್ ಕಂಡ ಕೂಡಲೇ ಒಂದು ಗೆರೆ ಎಳೆಯಿರಿ.

ಎರಡನೆಯದು: ಫಾನ್ ಫ್ರಿಶ್ ಆಸ್ಟ್ರಿಯಾದಲ್ಲಿ ಹುಟ್ಟಿದರು. ಇದು ನಿಜ, ಅವರು ಹುಟ್ಟಿದ್ದು ವಿಯೆನ್ನಾದಲ್ಲಿ. ಆದರೂ ಉತ್ತರ ನಾಟ್ ಗಿವನ್. ಪುಟದಲ್ಲಿ ಅವರ ಊರಿನ ಸುದ್ದಿಯೇ ಇಲ್ಲ. ಕ್ವಿಜ್‌ನಲ್ಲಿ ಬಹುಮಾನ ಗೆದ್ದವರು, ಕೆಎಎಸ್‌ಗೆ ಓದಿದವರು ಇಲ್ಲಿ ಸಲೀಸಾಗಿ ಟ್ರೂ ಹಾಕಿ ಅಂಕ ಕಳೆದುಕೊಳ್ಳುತ್ತಾರೆ.

ಮೂರನೆಯದು: ಫಾನ್ ಫ್ರಿಶ್‌ಗಿಂತ ಮೊದಲು ಯಾರೂ ಈ ಕುಣಿತವನ್ನು ಗಮನಿಸಿರಲಿಲ್ಲ. ಅರ್ಥ ಬಿಡಿಸಿದವರು ಅವರು ಎಂದಷ್ಟೇ ಪುಟ ಹೇಳುತ್ತದೆ. ಮೊದಲು ನೋಡಿದವರು ಯಾರು ಎಂದು ಹೇಳುವುದಿಲ್ಲ. ನಾಟ್ ಗಿವನ್.

ನಾಲ್ಕನೆಯದು ಜಾಸ್ತಿ ಜನರನ್ನು ಕೆಡವುತ್ತದೆ: ಕುಣಿತ ನೋಡಿದ ನೊಣಗಳು ನೋಡದ ನೊಣಗಳಿಗಿಂತ ಬೇಗ ಆಹಾರ ತಲುಪುತ್ತವೆ. 'ದಾರಿ ಗೊತ್ತಾದಮೇಲೆ ಬೇಗ ತಲುಪಲೇಬೇಕಲ್ವಾ ಸಾರ್?' ಎಂದು ಕೇಳುತ್ತಾರೆ. ತಲುಪಬಹುದು. ಆದರೆ ಅದು ನಿಮ್ಮ ತರ್ಕ, ಪ್ಯಾಸೇಜ್ ಬರೆದವರ ಮಾತಲ್ಲ. ಯಾರು ಬೇಗ, ಯಾರು ತಡ ಎಂಬ ಹೋಲಿಕೆ ಪುಟದಲ್ಲಿ ಎಲ್ಲೂ ಇಲ್ಲ. ಇದೂ ನಾಟ್ ಗಿವನ್.

ಹಾಗಾದರೆ ಫಾಲ್ಸ್ ಯಾವುದು, ನಾಟ್ ಗಿವನ್ ಯಾವುದು ಎಂದು ಪರೀಕ್ಷೆಯ ಗಡಿಬಿಡಿಯಲ್ಲಿ ಬೇರ್ಪಡಿಸುವುದು ಹೇಗೆ? ನಾನು ಹೇಳಿಕೊಡುವುದು ಬೆರಳಿಡುವ ವಿಧಾನ. ಫಾಲ್ಸ್ ಎನ್ನುವ ಮೊದಲು, ಹೇಳಿಕೆಯನ್ನು ಸುಳ್ಳು ಮಾಡುವ ಪದದ ಮೇಲೆ ಬೆರಳಿಡಿ. 'ದಿಕ್ಕು ಮಾತ್ರ' ಎಂಬುದಕ್ಕೆ 'ಎಷ್ಟು ದೂರದಲ್ಲಿದೆ' ಮೇಲೆ ಬೆರಳಿಡಬಹುದು. ಬೆರಳಿಡಲು ಜಾಗವೇ ಇಲ್ಲದಿದ್ದರೆ ಅದು ಫಾಲ್ಸ್ ಅಲ್ಲ. ಟ್ರೂಗೂ ಇದೇ ನಿಯಮ. ಉತ್ತರ ಕೊಡುವಾಗ ಮನಸ್ಸಿನಲ್ಲಿ 'ಹಾಗಿದ್ದಮೇಲೆ', 'ಅಂದಮೇಲೆ' ಎಂಬ ಮಾತು ಬಂತೋ, ನೀವು ಪುಟ ಬಿಟ್ಟು ಹೊರಗೆ ಹೋಗಿದ್ದೀರಿ ಎಂದೇ ಲೆಕ್ಕ.

ಇಲ್ಲಿ ಒಂದು ಅನುಕೂಲ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಈ ಬಗೆಯ ಪ್ರಶ್ನೆಗಳು ಪ್ಯಾಸೇಜ್‌ನ ಕ್ರಮದಲ್ಲೇ ಬರುತ್ತವೆ. 4ನೇ ಪ್ರಶ್ನೆಯ ಉತ್ತರ ಎರಡನೇ ಪ್ಯಾರಾದಲ್ಲಿ, 6ನೆಯದರದ್ದು ಮೂರನೇ ಪ್ಯಾರಾದಲ್ಲಿ ಸಿಕ್ಕರೆ, 5ನೆಯದನ್ನು ಇವೆರಡರ ನಡುವೆ ಮಾತ್ರ ಹುಡುಕಿ. ಅಲ್ಲಿ ಸಿಗಲಿಲ್ಲವೇ? ನಾಟ್ ಗಿವನ್ ಹಾಕಿ ಮುಂದೆ ಹೋಗಿ. ಇಲ್ಲದ್ದನ್ನು ಹುಡುಕುತ್ತಾ ಐದು ನಿಮಿಷ ಕಳೆಯುವವರೇ ಕೊನೆಯ ಪ್ಯಾಸೇಜ್ ಮುಗಿಸಲಾಗದೆ ಒದ್ದಾಡುವುದು.

ಕೆಲವು ಕಡೆ ಟ್ರೂ, ಫಾಲ್ಸ್ ಬದಲು ಯೆಸ್, ನೋ ಕೇಳುತ್ತಾರೆ. ಅಲ್ಲಿ ಲೇಖಕರ ಅಭಿಪ್ರಾಯ ಏನು ಎಂಬುದು ಪ್ರಶ್ನೆ. ಉಪಾಯ ಅದೇ.

ಉಳಿದ ಬಗೆಗಳು

ಪ್ಯಾರಾಗಳಿಗೆ ಶೀರ್ಷಿಕೆ ಹೊಂದಿಸುವುದನ್ನು ಆ ಪ್ಯಾಸೇಜ್‌ನ ಉಳಿದ ಪ್ರಶ್ನೆಗಳೆಲ್ಲ ಮುಗಿದಮೇಲೆ ಮಾಡಿ. ಅಷ್ಟರಲ್ಲಿ ಅರ್ಧ ಪ್ಯಾಸೇಜ್ ತಾನಾಗಿಯೇ ಓದಿ ಆಗಿರುತ್ತದೆ. ಯಾವ ಮಾಹಿತಿ ಯಾವ ಪ್ಯಾರಾದಲ್ಲಿದೆ ಎಂದು ಹುಡುಕುವ ಪ್ರಶ್ನೆಗಳು ಕ್ರಮದಲ್ಲಿ ಬರುವುದಿಲ್ಲ, ನೆನಪಿರಲಿ. ಬಿಟ್ಟ ಸ್ಥಳ ತುಂಬುವಾಗ ಪದಗಳ ಮಿತಿ ನೋಡಿ. ಎರಡು ಪದ ಎಂದರೆ ಎರಡೇ. ಮೂರು ಬರೆದರೆ ಸರಿಯುತ್ತರಕ್ಕೂ ಸೊನ್ನೆ. ಪ್ಯಾಸೇಜ್‌ನಲ್ಲಿರುವ ಪದವನ್ನು ಅಕ್ಷರ ತಪ್ಪದೆ ಎತ್ತಿ ಬರೆಯಿರಿ. ಬಹುವಚನದ 'ಎಸ್' ಬಿಟ್ಟರೂ ಅಂಕ ಹೋಗುತ್ತದೆ.

ಪದಗಳ ಪಟ್ಟಿ ಬಾಯಿಪಾಠ ಬೇಡ

ಮೂರು ಸಾವಿರ ಕಷ್ಟದ ಪದಗಳ ಪುಸ್ತಕ ಮಾರುತ್ತಾರೆ. ಕೊಳ್ಳಬೇಡಿ. ಬದಲಿಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಪತ್ರಿಕೆ ಬಿಡಿಸಿದ ಮೇಲೆ ಪ್ರಶ್ನೆಯಲ್ಲಿದ್ದ ಪದವನ್ನು ಎಡಗಡೆ, ಪ್ಯಾಸೇಜ್‌ನಲ್ಲಿ ಅದೇ ಅರ್ಥಕ್ಕೆ ಬಳಸಿದ ಪದವನ್ನು ಬಲಗಡೆ ಬರೆಯಿರಿ. ಪ್ರಶ್ನೆಯಲ್ಲಿ 'ಚೀಪ್' ಅಂದರೆ ಪುಟದಲ್ಲಿ 'ಲೋ ಕಾಸ್ಟ್' ಇರುತ್ತದೆ. 'ಡಿಕ್ರೀಸ್' ಅಂದರೆ ಅಲ್ಲಿ 'ಡಿಕ್ಲೈನ್'. ಪ್ರಶ್ನೆ ಮಾಡುವವರು ಬೇಕೆಂದೇ ಪದ ಬದಲಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಜೊತೆಗೆ ದಿನಾ ಒಂದು ಉದ್ದದ ಇಂಗ್ಲಿಷ್ ಲೇಖನ ಓದಿ. ವಿಜ್ಞಾನ, ಇತಿಹಾಸ, ಪರಿಸರ, ಯಾವುದಾದರೂ ಸರಿ. ಕ್ರಿಕೆಟ್ ಸುದ್ದಿ ಲೆಕ್ಕಕ್ಕಿಲ್ಲ.

ಪರೀಕ್ಷೆಯ ದಿನ

ಕಂಪ್ಯೂಟರ್‌ನಲ್ಲಿ ಬರೆಯುವವರು ಅಭ್ಯಾಸವನ್ನೂ ಪರದೆಯ ಮೇಲೇ ಮಾಡಿರಬೇಕು. ಎಡಕ್ಕೆ ಪ್ಯಾಸೇಜ್, ಬಲಕ್ಕೆ ಪ್ರಶ್ನೆ ಇರುತ್ತದೆ. ಬೇಕಾದ ಸಾಲನ್ನು ಹೈಲೈಟ್ ಮಾಡಿಕೊಳ್ಳಬಹುದು. ಕಾಗದದ ಮೇಲೆ ಬರೆಯುವವರು ಇದೊಂದು ಮರೆಯಬೇಡಿ: ಲಿಸನಿಂಗ್‌ನಲ್ಲಿ ಉತ್ತರ ನಕಲು ಮಾಡಲು ಕೊಡುವ ಹೆಚ್ಚುವರಿ 10 ನಿಮಿಷ ರೀಡಿಂಗ್‌ನಲ್ಲಿ ಇಲ್ಲ. ಉತ್ತರ ಸಿಕ್ಕ ಹಾಗೆಯೇ ಉತ್ತರ ಹಾಳೆಗೆ ಬರೆಯುತ್ತಾ ಹೋಗಿ. ತಪ್ಪಿಗೆ ಅಂಕ ಕಡಿತ ಇಲ್ಲ. ಕೊನೆಯ ಎರಡು ನಿಮಿಷ ಹೊಸದಾಗಿ ಏನನ್ನೂ ಓದಬೇಡಿ. ಖಾಲಿ ಬಿಟ್ಟ ಪ್ರಶ್ನೆಗಳನ್ನು ಹುಡುಕಿ, ಊಹಿಸಿಯಾದರೂ ತುಂಬಿ.