ಜೋಡುನಳಿಗೆ ಕೋವಿ ಮಾಡಿದವರು ಯಾರು? ನಾನು ಕಂಡುಹಿಡಿದ ಬಗೆ

ಕೊಡಗಿನ ನಮ್ಮ ಐನ್‌ಮನೆಯ (ಕುಟುಂಬದ ಮೂಲಮನೆಯ) ಜೋಡುನಳಿಗೆ ಕೋವಿಯನ್ನು ಮೂರು ತಲೆಮಾರಿನಿಂದ ಎಲ್ಲರೂ 'ಮ್ಯಾಂಟನ್ ಕೋವಿ' ಅಂತಲೇ ಕರೆಯುತ್ತಿದ್ದರು. ಮ್ಯಾಂಟನ್ ಅಂದರೆ ಲಂಡನ್ನಿನ ಹೆಸರಾಂತ ಕೋವಿ ತಯಾರಕರು. ಇದು ಅವರದಲ್ಲ. ಬರ್ಮಿಂಗ್‌ಹ್ಯಾಮಿನ ಸಿ.ಜಿ. ಬೋನ್‌ಹಿಲ್ ಅವರದು, 1875ರಿಂದ 1887ರ ಒಳಗಿನದು. ಇಷ್ಟು ಹೇಳೋಕೆ ನನಗೆ ಎರಡು ಮಳೆಗಾಲ ಬೇಕಾಯಿತು, ಸುಮಾರು ಒಂಬತ್ತು ಸಾವಿರ ರೂಪಾಯಿ ಖರ್ಚಾಯಿತು. "ಹೆಸರೇ ಅಳಿಸಿಹೋಗಿದೆ, ಇನ್ನೇನು ಹುಡುಕ್ತೀಯ?" ಅಂತ ದೊಡ್ಡಪ್ಪನೂ ಬಾವನೂ ಕೇಳಿದ್ದರು. ಅವರಿಗೂ ಈಗ ಉತ್ತರ ಸಿಕ್ಕಿದೆ.

ಹೆಸರು ಅಳಿಸಿದ್ದು ನಮ್ಮ ಮನೆಯವರೇ. ಒಂದು ವರ್ಷ ಕೈಲ್‌ಪೊಳ್ದ್ ಹಬ್ಬಕ್ಕೆ (ಕೊಡವರ ಆಯುಧಪೂಜೆ) ಕೋವಿ ಹೊಳೆಯಬೇಕು ಅಂತ ನಳಿಗೆಗಳ ನಡುವಿನ ಪಟ್ಟಿಗೆ ಎಮರಿ ಕಾಗದ ಹಾಕಿ ಉಜ್ಜಿಸಿದ್ದಾರೆ. ಕಣ್ಣಿಗೆ ಕಾಣುತ್ತಿದ್ದದ್ದು ಕೊನೆಯ 'ಎಂ' ಅಕ್ಷರ ಒಂದೇ. ಆ 'ಎಂ' ನೋಡಿಯೇ ಮ್ಯಾಂಟನ್ ಅಂತ ಹೆಸರು ಬಿದ್ದಿರಬೇಕು.

ಮೊದಲು ದುಡ್ಡು ಕಳೆದುಕೊಂಡದ್ದು ಹೇಳುತ್ತೇನೆ. ಫೋಟೋ ನೋಡಿಯೇ ಹೇಳುತ್ತೇನೆ ಅಂದ ಒಬ್ಬರಿಗೆ ಮೂರೂವರೆ ಸಾವಿರ ಕೊಟ್ಟೆ. ಮಾರನೇ ದಿನವೇ 'ಇದು ಪರ್ಡಿ' ಅಂದರು, ಲಂಡನ್ನಿನ ಇನ್ನೊಬ್ಬ ದೊಡ್ಡ ತಯಾರಕರ ಹೆಸರು. ಯಾಕೆ ಅಂತ ಕೇಳಿದರೆ, ನಳಿಗೆಯನ್ನು ಬಿಗಿಯುವ ಬೋಲ್ಟು ಪರ್ಡಿಯದು ಅಂದರು. ಪರ್ಡಿ ಬೋಲ್ಟಿನ ಪೇಟೆಂಟ್ 1863ರದು. ಅದನ್ನು ಬಳಸದ ಇಂಗ್ಲಿಷ್ ಕಾರ್ಖಾನೆ ಹುಡುಕುವುದೇ ಕಷ್ಟ. ಅಷ್ಟು ನನಗೂ ಗೊತ್ತಿತ್ತು. ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಆಮೇಲೆ ನಾನೇ ಕೂತೆ. ಕತ್ತಲ ಕೋಣೆ, ಮೊಬೈಲ್ ಟಾರ್ಚು, ಪಟ್ಟಿಗೆ ಹೆಚ್ಚುಕಡಿಮೆ ತಾಗುವಷ್ಟು ಓರೆಯಾಗಿ ಬೆಳಕು. ಸೀಮೆಸುಣ್ಣದ ಪುಡಿ ಹಾಕಿದೆ, ಆಗಲಿಲ್ಲ. ದೀಪದ ಮಸಿ ಹಿಡಿಸಿ ಸೆಲ್ಲೋ ಟೇಪಿನಲ್ಲಿ ಎತ್ತಿ ಬಿಳಿ ಕಾಗದಕ್ಕೆ ಅಂಟಿಸಿದೆ, ಅರ್ಧ ಬಂತು. ಮಸಿಗೆ ಇನ್ನೊಂದು ಬೆರೆಸಿದ ಮೇಲೆ ಪೂರ್ತಿ ಬಂತು. ಅದೇನು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದಕ್ಕೆ ನಾಲ್ಕು ತಿಂಗಳು ಒದ್ದಾಡಿದ್ದೇನೆ. ಎರಡು 'ಆರ್' ಜೊತೆಜೊತೆಗೆ, ಆಮೇಲೆ 'ಸನ್ಸ್', ಕೊನೆಗೆ ಆ 'ಎಂ'. ಪಿ. ಆರ್ (Orr) ಅಂಡ್ ಸನ್ಸ್, ಮದ್ರಾಸ್! ಮೌಂಟ್ ರೋಡಿನ ವಾಚು, ಒಡವೆಯ ಅಂಗಡಿ. ಅವರು ಕೋವಿ ಮಾರುತ್ತಿದ್ದರು. ಮಾಡಿದವರು ಬೇರೆ. ಪಟ್ಟಿಯ ಮೇಲಿರುವುದು ಎಷ್ಟೋ ಸಲ ಅಂಗಡಿಯವರ ಹೆಸರು.

ಇದರ ನಡುವೆ ಒಂದು ಪರೀಕ್ಷೆ ಮಾಡಿದೆ. ಕಬ್ಬಿಣದ ತುಂಡಿನ ಮೇಲೆ ಒಂದು ಕಡೆ ನಂಬರ್ ಪಂಚಿನಿಂದ ಬಡಿದೆ, ಇನ್ನೊಂದು ಕಡೆ ಚಾಣದಿಂದ ಕೆತ್ತಿದೆ. ಎರಡನ್ನೂ ಅರದಿಂದ ಉಜ್ಜಿ ಅಳಿಸಿದೆ. ಸರ್ಕ್ಯೂಟ್ ಬೋರ್ಡಿಗೆ ಬಳಸುತ್ತಾರಲ್ಲ, ಆ ಫೆರಿಕ್ ಕ್ಲೋರೈಡ್ ತಂದು ಹಚ್ಚಿದೆ, ಬಾಟಲಿಗೆ ನೂರೈವತ್ತೋ ಏನೋ. ಬಡಿದ ನಂಬರು ಮಸುಕಾಗಿ ಮತ್ತೆ ಮೂಡಿತು, ಕೆತ್ತಿದ್ದು ಬರಲೇ ಇಲ್ಲ. ಬಡಿದಾಗ ಅಡಿಯ ಲೋಹವೂ ಅದುಮಿ ಗಟ್ಟಿಯಾಗುತ್ತದೆ, ಕೆತ್ತಿದಾಗ ಅಷ್ಟು ಆಗುವುದಿಲ್ಲ. ಇದನ್ನು ಕೋವಿಯ ಮೇಲೆ ಮಾತ್ರ ಮಾಡಬೇಡಿ, ಡಮಾಸ್ಕಸ್ ನಳಿಗೆ (ಕಬ್ಬಿಣ, ಉಕ್ಕಿನ ಪಟ್ಟಿ ಹೆಣೆದು ಬೆಸೆದ ಹಳೆಯ ನಳಿಗೆ) ಹಾಳಾಗುತ್ತದೆ. ಆದರೆ ಇದರಿಂದ ನನಗೊಂದು ದಾರಿ ಸಿಕ್ಕಿತು: ಮೇಲಿನ ಕೆತ್ತನೆ ಬಿಟ್ಟು ಕೆಳಗಿನ ಬಡಿದ ಮುದ್ರೆ ನೋಡಬೇಕು. ಅಲ್ಲಿಗೆ ಎಮರಿ ಕಾಗದ ಹೋಗಿರಲಿಲ್ಲ.

ನಳಿಗೆ ಕಳಚಿ ಅಡಿಯ ಚಪ್ಪಟೆ ಭಾಗ ಸೀಮೆಎಣ್ಣೆಯಲ್ಲಿ ತೊಳೆದೆ. ಕಿರೀಟ, ಅದರ ಕೆಳಗೆ ಅಡ್ಡಡ್ಡ ರಾಜದಂಡ, 'ಬಿ, ಪಿ, ಸಿ' ಅಕ್ಷರ. ಅಂದರೆ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸು (ನಳಿಗೆಯ ಬಲ ಪರೀಕ್ಷಿಸಿ ಮುದ್ರೆ ಹಾಕುವ ಸಂಸ್ಥೆ), 1904ಕ್ಕಿಂತ ಹಿಂದಿನದು. ಪಕ್ಕದಲ್ಲಿ '12 ಬಿ, 14 ಎಂ', ಜೊತೆಗೆ 'ನಾಟ್ ಫಾರ್ ಬಾಲ್'. ಹಿಂದೆ 12 ಬೋರು, ಬಾಯಲ್ಲಿ 14 ಬೋರು, ಅಂದರೆ ಬಾಯಿ ಕಿರಿದಾದ ಚೋಕ್ ನಳಿಗೆ (ಬೋರಿನ ಅಂಕಿ ಹೆಚ್ಚಾದಷ್ಟು ತೂತು ಕಿರಿದು), ಗುಂಡು ಹಾಕಬೇಡಿ, ಚರೆ ಮಾತ್ರ ಅಂತ. ಈ ಮುದ್ರೆ 1875ರಿಂದ 1887ರ ತನಕದ್ದು. ಇಸವಿ ಹೀಗೆ ಒಂದೇ ಸಂಜೆಗೆ ಸಿಕ್ಕಿತು. ಹೆಸರಿಗೆ ಮಾತ್ರ ಇನ್ನೂ ಎಂಟು ತಿಂಗಳು ಹಿಡಿಯಿತು.

ಆಗ ಆತುರ ಮಾಡಿದೆ. ಮೇಲಿನ ಲಿವರ್ ಹತ್ತಿರ 'ಸ್ಕಾಟ್ ಪೇಟೆಂಟ್' ಅಂತ ಕಂಡಿತು. ಇದು ಡಬ್ಲ್ಯೂ ಅಂಡ್ ಸಿ ಸ್ಕಾಟ್ ಕೋವಿ ಅಂತ ಕೈಲ್‌ಪೊಳ್ದ್ ದಿನ ಎಲ್ಲರ ಮುಂದೆ ಹೇಳಿಬಿಟ್ಟೆ. ತಪ್ಪು. ಸ್ಕಾಟ್ ಅವರ 1865ರ ಸ್ಪಿಂಡಲ್ಲನ್ನು (ಲಿವರನ್ನು ಬೋಲ್ಟಿಗೆ ಜೋಡಿಸುವ ಕಂಬಿ) ಬೇರೆಯವರೂ ದುಡ್ಡು ಕೊಟ್ಟು ಬಳಸುತ್ತಿದ್ದರು. ಲಾಕ್, ಅಂದರೆ ಈಡು ಹಾರಿಸುವ ಯಂತ್ರ, ಅದರ ಪ್ಲೇಟ್ ಬಿಚ್ಚಿದರೆ ಒಳಗೆ 'ಸ್ಟ್ಯಾಂಟನ್'. ಅವರು ವುಲ್ವರ್‌ಹ್ಯಾಂಪ್ಟನ್ನಿನ ಲಾಕ್ ಮಾಡುವವರು. ತಾನೇ ಹಿಂದಕ್ಕೆ ಸರಿಯುವ ಕುದುರೆ (ಕೋವಿಯ ಬಡಿಯುವ ಸುತ್ತಿಗೆ) ಅವರದೇ, 1867ರ ಪೇಟೆಂಟ್. ಅಂಗಡಿ, ಪೇಟೆಂಟ್, ಲಾಕ್ ಅಂತ ಮೂರು ಹೆಸರು ಸಿಕ್ಕಿತು, ಮೂರರಲ್ಲೂ ಕೋವಿ ಮಾಡಿದವರಿಲ್ಲ.

ಲಾಕ್ ಬಿಚ್ಚುವಾಗ ಒಂದು ತಿರುಪು ಕೆಡಿಸಿದೆ. ಹಾರ್ಡ್‌ವೇರ್ ಅಂಗಡಿಯ ಸ್ಕ್ರೂಡ್ರೈವರ್ ಬಾಯಿ ಮೊನಚು, ಹಳೆಯ ತಿರುಪಿನ ಗೀರು ನೇರ ಮತ್ತು ಕಿರಿದು. ಆಮೇಲೆ ಪ್ರತಿ ತಿರುಪಿಗೂ ಬಾಯಿ ಉಜ್ಜಿ ಬೇರೆ ಬೇರೆ ಮಾಡಿಟ್ಟೆ. ಎಣ್ಣೆ ಬಿಟ್ಟು ಮೂರು ದಿನ ಕಾಯಲೇಬೇಕು.

ಕೊನೆಗೆ ಉತ್ತರ ಇದ್ದದ್ದು ಫೋರ್‌ಎಂಡ್ ಮರದ (ನಳಿಗೆಯ ಕೆಳಗೆ ಕೈಯಲ್ಲಿ ಹಿಡಿಯುವ ಮರ) ಅಡಿಯಲ್ಲಿ. ಅದನ್ನು ಯಾರೂ ತೆಗೆದೇ ಇರಲಿಲ್ಲ ಅಂತ ಕಾಣುತ್ತದೆ, ಗಟ್ಟಿಯಾದ ಎಣ್ಣೆ ಜಿಡ್ಡು ತುಂಬಿತ್ತು. ಬಿದಿರು ಕಡ್ಡಿಯಿಂದ ಕೆರೆದು ತೆಗೆದೆ. ನಳಿಗೆಗಳ ಅಡಿಯಲ್ಲಿ, ಎರಡೂ ಸೇರುವ ಜಾಗದಲ್ಲಿ, ಸಾಸಿವೆಗಿಂತ ಸ್ವಲ್ಪ ದೊಡ್ಡ ಅಕ್ಷರ: 'ಸಿ ಜಿ ಬಿ'. ಬರೀ ನಳಿಗೆ ಮಾಡಿದವರ ಗುರುತಾಗಿರಬಹುದು ಅಂತ ಇನ್ನೊಮ್ಮೆ ಸಂಶಯ ಬಂತು. ಆದರೆ ಆಕ್ಷನ್ (ನಳಿಗೆ ಕೂರುವ ಹಿಂದಿನ ಲೋಹದ ಭಾಗ) ಒಳಗೂ ಅದೇ ಮೂರು ಅಕ್ಷರ, ಅದೇ ಪಂಚು. ಕ್ರಿಸ್ಟೋಫರ್ ಜಾರ್ಜ್ ಬೋನ್‌ಹಿಲ್, ಬೆಲ್ಮಾಂಟ್ ರೋ. ಅಂಗಡಿಗಳ ಹೆಸರು ಹಾಕಿ ಕೊಡುವುದೂ ಅವರ ದೊಡ್ಡ ವ್ಯಾಪಾರವೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಈ ವರ್ಷ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆಗೆ ಇಟ್ಟೆವು. ತೆಂಗಿನಕಾಯಿಗೆ ಇದರಲ್ಲೇ ಒಂದು ಈಡು ಹೊಡೆಯೋಣ ಅಂತ ಹುಡುಗರು ಕೇಳಿದರು. ಬೇಡ ಅಂದೆ. ಕರಿ ಮದ್ದಿಗೆ ಪ್ರೂಫ್ ಆದ ಡಮಾಸ್ಕಸ್ ನಳಿಗೆಗೆ ಈಗಿನ ತೋಟೆ ಹಾಕಲು ಬಿಡುವುದಿಲ್ಲ.

ದೊಡ್ಡಪ್ಪ ಇನ್ನೂ 'ಮ್ಯಾಂಟನ್' ಅಂತಲೇ ಕರೆಯುತ್ತಾರೆ. ಬಾವ ಮಾತ್ರ ಹೋದ ವಾರ ವಿರಾಜಪೇಟೆಯಿಂದ ತಮ್ಮ ಮನೆಯ ಕೋವಿಯನ್ನೇ ತಂದಿಟ್ಟಿದ್ದಾರೆ, ಅಪ್ಪಟ ಲಂಡನ್ ಅನ್ನುತ್ತಾರೆ. ನಳಿಗೆ ಕಳಚಿ ನೋಡಿದೆ. ಮೊಟ್ಟೆ ಆಕಾರದ ಗೆರೆಯೊಳಗೆ 'ಇ ಎಲ್ ಜಿ', ಕೆಳಗೊಂದು ನಕ್ಷತ್ರ. ಅದು ಬೆಲ್ಜಿಯಂನ ಲೀಯೇಜ್ ಮುದ್ರೆ. ಮೇಲೆ ಕಿರೀಟ ಇಲ್ಲ, ಹಾಗಾಗಿ 1893ಕ್ಕಿಂತ ಹಳೆಯದು. ಫೋರ್‌ಎಂಡ್ ತಿರುಪಿಗೆ ಎಣ್ಣೆ ಬಿಟ್ಟಿದ್ದೇನೆ. ಇವತ್ತಿಗೆ ಎರಡು ದಿನ ಆಯಿತು.