ಅಟ್ಟದಲ್ಲಿ ಮಾಗಿದ ವಿನೆಗರ್: ನನ್ನ ಅನುಭವ

ಇಟಲಿಯ ಮೊಡೆನಾಕ್ಕೆ ಬಂದ ಮೊದಲ ವರ್ಷ ನನಗೆ ಸಾಂಪ್ರದಾಯಿಕ ಬಾಲ್ಸಾಮಿಕ್ ವಿನೆಗರಿನ 100 ಮಿಲಿಲೀಟರಿನ ಪುಟ್ಟ ಸೀಸೆಯೊಂದು ಉಡುಗೊರೆಯಾಗಿ ಬಂದಿತ್ತು. ಹುಳಿಯೆಂದರೆ ಕುದಿಯಬೇಕು ಎಂಬ ಹುಣಸೆರಸದ ಅಭ್ಯಾಸದಲ್ಲಿ ಅದರ ಎರಡು ಚಮಚವನ್ನು ಬಾಣಲೆಯ ಈರುಳ್ಳಿಗೆ ಸುರಿದು ಬತ್ತಿಸಿದೆ. ಪರಿಮಳವೆಲ್ಲ ಹಬೆಯೊಡನೆ ಹೋಗಿ, ತಳದಲ್ಲಿ ಅಂಟಾದ ಕಪ್ಪು ಸಿಹಿಯಷ್ಟೇ ಉಳಿಯಿತು.

ನಾನು ಕಳೆದುಕೊಂಡದ್ದು ಏನೆಂದು ತಿಳಿದದ್ದು ನೆರೆಮನೆಯ ಹಿರಿಯರ ಅಟ್ಟ ಹತ್ತಿದ ಮೇಲೆ. ಟ್ರೆಬ್ಬಿಯಾನೊ, ಲ್ಯಾಂಬ್ರುಸ್ಕೊ ದ್ರಾಕ್ಷಿಗಳ ರಸವನ್ನು ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಬೇರೇನನ್ನೂ ಬೆರೆಸದೆ, ಓಕ್, ಚೆಸ್ಟ್‌ನಟ್, ಚೆರ್ರಿ, ಹಿಪ್ಪುನೇರಳೆ, ಜುನಿಪರ್ ಮರಗಳ ಪೀಪಾಯಿಗಳಲ್ಲಿ ಮಾಗಿಸುತ್ತಾರೆ. ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಂತ ಈ ಪೀಪಾಯಿಗಳಿಗೆ 'ಬತ್ತೇರಿಯಾ' ಎಂದು ಹೆಸರು. ಸೂರಿನಡಿಯ ಬೇಸಿಗೆಯ ಸೆಖೆಗೆ ನೀರಿನಂಶ ಆವಿಯಾಗುತ್ತ ಹೋಗುವುದರಿಂದ, ವರ್ಷಕ್ಕೊಮ್ಮೆ ಅತಿ ಚಿಕ್ಕ ಪೀಪಾಯಿಯಿಂದ ಸ್ವಲ್ಪವೇ ತೆಗೆದು, ಅದರ ಕೊರತೆಯನ್ನು ಪಕ್ಕದ ದೊಡ್ಡದರಿಂದ, ಅದರದನ್ನು ಇನ್ನೂ ದೊಡ್ಡದರಿಂದ ತುಂಬುತ್ತಾರೆ. ಕನಿಷ್ಠ 12 ವರ್ಷ ಮಾಗಿದ್ದಕ್ಕೆ 'ಅಫಿನಾತೊ' ಎಂದೂ 25 ವರ್ಷ ದಾಟಿದ್ದಕ್ಕೆ 'ಎಕ್ಸ್‌ಟ್ರಾವೆಕ್ಕಿಯೊ' ಎಂದೂ ಕರೆಯುತ್ತಾರೆ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ 'ಮೊಡೆನಾದ ಬಾಲ್ಸಾಮಿಕ್ ವಿನೆಗರ್' ಬೇರೆಯೇ ವಸ್ತು. ದ್ರಾಕ್ಷಿರಸಕ್ಕೆ ವೈನ್ ವಿನೆಗರ್ ಬೆರೆತ ಅದಕ್ಕೆ ಕನಿಷ್ಠ 60 ದಿನ ಸಾಕು.

ಅಫಿನಾತೊವಿನ ಹನಿಯನ್ನು ಹಿರಿಯರು ಪಿಂಗಾಣಿ ಚಮಚದಲ್ಲಿ ಕೊಟ್ಟರು. ಜೋನಿ ಬೆಲ್ಲದಂತೆ ನಿಧಾನವಾಗಿ ಹರಿದ ಅದು ಮೊದಲು ಒಣದ್ರಾಕ್ಷಿಯ ಸಿಹಿಯನ್ನೂ, ಆಮೇಲೆ ಹದವಾದ ಹುಳಿಯನ್ನೂ ಕೊಟ್ಟು, ಕೊನೆಗೆ ಮರದ ಘಮವನ್ನು ನಾಲಿಗೆಯ ಮೇಲೆ ಬಹಳ ಹೊತ್ತು ಉಳಿಸಿತು.

ಅಂದಿನಿಂದ ನಾನು ಈ ವಿನೆಗರನ್ನು ಒಲೆಯ ಹತ್ತಿರ ತಂದಿಲ್ಲ. ಒಡೆದ ಪಾರ್ಮಿಜಾನೊ ಚೀಸಿನ ತುಂಡಿಗೆ ಎರಡು ಹನಿ ಹಾಕುವುದು ನನಗೆ ಅತ್ಯಂತ ಪ್ರಿಯವಾದ ಬಳಕೆ, ಏಕೆಂದರೆ ಚೀಸಿನ ಉಪ್ಪು ಇದರ ಸಿಹಿಯನ್ನು ಎತ್ತಿ ತೋರಿಸುತ್ತದೆ. ಇಟಲಿಯ ಅನ್ನದ ಅಡುಗೆಯಾದ ರಿಸೊಟ್ಟೊವನ್ನು ತಟ್ಟೆಗೆ ಬಡಿಸಿದ ನಂತರವೇ ಅದರ ಮೇಲೆ ಚಿಮುಕಿಸುತ್ತೇನೆ. ಸ್ಟ್ರಾಬೆರಿ ಹೋಳುಗಳಿಗೂ ವೆನಿಲ್ಲಾ ಐಸ್‌ಕ್ರೀಮಿಗೂ ಅರ್ಧ ಚಮಚ ಸಾಕು. ಸಲಾಡಿಗೆ ಮಾತ್ರ ಅಗ್ಗದ್ದನ್ನೇ ಬಳಸುತ್ತೇನೆ, ಎಲೆಗಳಿಗೆ ಬೇಕಾದ ತೀಕ್ಷ್ಣ ಹುಳಿ ಅದರಲ್ಲೇ ಇದೆ. ಈರುಳ್ಳಿ ಬತ್ತಿಸಬೇಕಾದಾಗಲೂ ಈಗ ಕೈ ಹೋಗುವುದು ಆ ಅಗ್ಗದ ಸೀಸೆಗೇ.